ಥೂ, ಷಡ್ಡಕ!

ಜನರ ಬೀರು, ಮಂಚ, ಫ್ರಿಜ್ಜುಗಳನ್ನು ಮನೆಯಿಂದ ಮನೆಗೆ ಹೊತ್ತು ಹಾಕುವುದೇ ಕಸುಬಾದ್ದರಿಂದ ಹೆಂಡತಿಯ ಕಡೆಯವರೆಲ್ಲ ಅವನನ್ನು ಬೀರು ಭಾವ ಎಂದೇ ಕರೆಯುತ್ತಿದ್ದರು. ಹೆಸರಿನ ಬಗ್ಗೆ ಅವನಿಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಷಡ್ಡಕನ ಮೇಲೆ. ಹೆಂಡತಿಯ ಅಕ್ಕನ ಗಂಡ, ಟೈರ್ ಅಂಗಡಿಯ ಯಜಮಾನ. ಅಂಗಡಿಯ ಮಾಳಿಗೆಯಲ್ಲಿ ಕಬ್ಬಿಣದ ಗುಂಡುಗಳನ್ನಿಟ್ಟುಕೊಂಡು, ಕನ್ನಡಿ ನೋಡುತ್ತ ಎತ್ತಿ ಇಳಿಸುವವನು.

ಒಮ್ಮೆ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಈ ಮಹಾನುಭಾವ ತೋಳು ಉಬ್ಬಿಸಿ, "ನಾನು ಎತ್ತೋದು ಕಸರತ್ತು. ಇವನು ಎತ್ತೋದು ಕತ್ತೆ ಚಾಕರಿ" ಅಂದ. ಅತ್ತೆ ನಕ್ಕದ್ದನ್ನು ಸಹಿಸಬಹುದಿತ್ತು. ನಗು ತಡೆಯಲು ಹೋಗಿ ಸ್ವಂತ ಹೆಂಡತಿಗೇ ಅನ್ನ ನೆತ್ತಿಗೇರಿತು! ಅಂದಿನಿಂದ ಬೀರು ಭಾವನಿಗೆ ಒಂದೇ ಗುರಿ: ಅದೇ ಮನೆಯಲ್ಲಿ, ಅದೇ ಜನರ ಮುಂದೆ, ಷಡ್ಡಕನ ಮುಖ ಇಂಗು ತಿಂದ ಮಂಗನ ಹಾಗಾಗಬೇಕು.

ಅಷ್ಟರಲ್ಲಿ ಒಂದು ದಿನ ಬೀರು ಹೊತ್ತು ಮೆಟ್ಟಿಲೇರುವಾಗ ಕಣ್ಣು ಕತ್ತಲೆ ಬಂತು. ಡಾಕ್ಟರಮ್ಮ ಬಿಪಿ ನೋಡಲು ಅವನ ತೋಳಿಗೆ ಸುತ್ತಲು ಹೋದ ಪಟ್ಟಿ ಸಾಲದೆ, ಒಳಗಿನಿಂದ ದೊಡ್ಡದನ್ನು ತರಿಸಿದರು.

"ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದ್ರೆ ಇಲ್ಲದ ಬಿಪಿನೂ ಇದೆ ಅನ್ನುತ್ತೆ. ನಿಮಗೆ ನಿಜವಾಗ್ಲೂ ಇದೆ. ಭಾರ ಎತ್ತೋವಾಗ ಉಸಿರು ಬಿಗಿ ಹಿಡೀತೀರಾ?"

"ಬಿಟ್ರೆ ಬೀರು ಬೀಳಲ್ವಾ ಅಮ್ಮಾ?"

"ಹಿಡಿದ್ರೆ ನೀವು ಬೀಳ್ತೀರಿ. ಮಾತ್ರೆ ತಪ್ಪಿಸಬೇಡಿ. ನಾನು ಹೇಳೋವರೆಗೆ ಬೀರು ಮುಟ್ಟಬೇಡಿ. ಆಮೇಲೂ ಅಷ್ಟೇ, ಎತ್ತೋವಾಗ ಏನಾದ್ರೂ ಒಂದು ಮಾತು ಬಾಯಿಬಿಟ್ಟು ಹೇಳಿ. ಉಸಿರು ತಾನಾಗೇ ಹೊರಗೆ ಬರುತ್ತೆ."

ದೇವರ ನಾಮ ಹೇಳಿಯಾನೇ? ಕೆಲಸಕ್ಕೆ ಮರಳಿದ ದಿನ ಮೊದಲ ಬೀರಿಗೆ ಹೆಗಲು ಕೊಟ್ಟು, "ಥೂ, ಷಡ್ಡಕ!" ಅಂದ. ಬೀರು ಹೂವಿನ ಹಾಗೆ ಎದ್ದಿತು. ಪೆನ್ನಿಗಿಂತ ಭಾರ ಎತ್ತದ ನಮ್ಮಂಥವರಿಗೆ ಆ ಸುಖ ತಿಳಿಯದು. ಅಲ್ಲಿಂದ ಮಂಚಕ್ಕೊಂದು ಥೂ, ಫ್ರಿಜ್ಜಿಗೆರಡು. ಮಾತ್ರೆಗೋ ಬೈಗುಳಕ್ಕೋ, ಬಿಪಿ ಇಳಿಯಿತು. ಸೇಡು ಇಳಿಯಲಿಲ್ಲ.

ಮನೆಗೊಂದು ಬಿಪಿ ಯಂತ್ರ ಬಂತು. ಅದರ ಜೊತೆ ಚಿಕ್ಕ ಪಟ್ಟಿಯಿತ್ತು. ತನ್ನ ತೋಳಿಗೆಂದು ದೊಡ್ಡದನ್ನು ಬೇರೆ ಕೊಂಡಿದ್ದ. ಮುಂದಿನ ಸಲ ಎಲ್ಲರೂ ಮಾವನ ಮನೆಯಲ್ಲಿ ಸೇರಿದಾಗ ಯಂತ್ರವನ್ನು ಒಯ್ದ, ದೊಡ್ಡ ಪಟ್ಟಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟ.

"ನನಗೆಂಥಾ ಬಿಪಿ! ಗುಂಡುಕಲ್ಲಿನ ಹಾಗಿದ್ದೀನಿ" ಎಂದ ಷಡ್ಡಕ.

"ಹಾಗಾದ್ರೆ ಹೆದರಿಕೆ ಯಾಕಣ್ಣಾ? ಕೈ ಕೊಡಿ."

ಚಿಕ್ಕ ಪಟ್ಟಿ ಕಿರುಗುಟ್ಟುತ್ತ ತೋಳನ್ನು ಹಿಸುಕಿತು. ಅಂಕಿ ಇನ್ನೂರು ದಾಟಿತು. ಷಡ್ಡಕನ ಮುಖ ಸುಣ್ಣವಾಯಿತು. ಅತ್ತೆ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಕತ್ತೆಗೇನೋ ಮಾತ್ರೆ ಕೊಟ್ರು. ಕುದುರೆಗೆ ಏನು ಕೊಡ್ತಾರೋ!" ಎಂದು ಬೀರು ಭಾವ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಮರುದಿನ ಷಡ್ಡಕ ಡಾಕ್ಟರಮ್ಮನ ಬಳಿಗೆ ಓಡಿದ. ದೊಡ್ಡ ಪಟ್ಟಿ ಕಟ್ಟಿ ನೋಡಿದರು. ಇನ್ನೂರಿರಲಿಲ್ಲ, ಆದರೆ ಬಿಪಿ ಇತ್ತು, ಚೆನ್ನಾಗಿಯೇ ಇತ್ತು. ಸಂಜೆ ಅವನು ಬೀರು ಭಾವನ ಬಾಗಿಲಿಗೇ ಬಂದು ತಬ್ಬಿಕೊಂಡ.

"ಪ್ರಾಣ ಉಳಿಸಿದೆ ಕಣೋ! ನೀನು ನೋಡದೇ ಇದ್ದಿದ್ರೆ ಗುಂಡು ಎತ್ತುತ್ತಾ ಎತ್ತುತ್ತಾ ನಾನೇ ಮೇಲೆ ಹೋಗ್ತಿದ್ದೆ."

ಕಷ್ಟಪಟ್ಟು ಸಾಕಿದ ಸೇಡು ಒಂದೇ ದಿನದಲ್ಲಿ ಉಪಕಾರವಾಗಿ ಕೆಟ್ಟುಹೋಗಿತ್ತು. ಬೀರು ಭಾವ ಅವನ ತೋಳುಗಳ ನಡುವೆ ಹಲ್ಲು ಕಚ್ಚಿ ನಿಂತ.

"ಎತ್ತೋವಾಗ ಏನೋ ಹೇಳ್ತೀಯಂತಲ್ಲ, ಏನೋ ಅದು?"

ಬೀರು ಭಾವ ಕೆಮ್ಮಿದ. ಬಾಯಿ ತಡೆಯದ ಹೆಂಡತಿ ಹೇಳಿಯೇಬಿಟ್ಟಳು. ಷಡ್ಡಕ ನಿಧಾನವಾಗಿ ಮೀಸೆ ಸವರಿಕೊಂಡ.

"ಚೆನ್ನಾಗಿದೆ. ನೀನೂ ನನಗೆ ಷಡ್ಡಕನೇ ಅಲ್ವಾ?"

ಈಗ ಟೈರ್ ಅಂಗಡಿಯ ಮುಂದೆ ಹೋದಾಗಲೆಲ್ಲ ಮಾಳಿಗೆಯಿಂದ, ಪುಟ್ಟ ಗುಂಡಿಗೂ ದೊಡ್ಡದೊಂದು ಥೂ ಕೇಳಿಸುತ್ತದೆ. ಬೀರು ಭಾವ ಬೀದಿಯಲ್ಲೇ ನಿಂತು, ಬರಿಗೈಯಲ್ಲಿ, ಉಸಿರು ಪೂರ್ತಿ ಹೊರಗೆ ಬಿಟ್ಟು ಉತ್ತರ ಕೊಡುತ್ತಾನೆ.