ಪಿಳ್ಳಪ್ಪನವರ ಗೇಟಿನ ಕರಿಹಲಗೆ

ಇವತ್ತು ಬೆಳಿಗ್ಗೆ ಸಕ್ಕರೆ ಡಬ್ಬದ ಸುತ್ತ ಇರುವೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಇರುವೆಗಳು ಒಂದು ಕ್ಷಣ ನಿಂತವು, ಯೋಚಿಸಿದವು, ಗೆರೆ ದಾಟಿ ಹೋದವು. ಬೆರಳಿಗೆ ಮೆತ್ತಿದ ಬಿಳಿ ಪುಡಿಯನ್ನು ಪಂಚೆಗೆ ಒರೆಸಿಕೊಳ್ಳುವಾಗ ಎದುರು ಮನೆಯ ಪಿಳ್ಳಪ್ಪನವರು ಹೈಕೋರ್ಟಿನ ಮೆಟ್ಟಿಲು ಹತ್ತಿದ ದಿನ ನೆನಪಾಯಿತು. ಆವತ್ತು ಅವರ ಅಂಗಿಯ ತೋಳಿನ ಮೇಲೂ ಇಂಥದ್ದೇ ಪುಡಿ. "ಒರೆಸ್ಕೊಳ್ರೀ" ಎಂದರೆ "ಇರ್ಲಿ ಬಿಡಿ ಸಾರ್, ಸಾಕ್ಷಿ" ಅಂದಿದ್ದರು.

ಪಿಳ್ಳಪ್ಪನವರು ಸಿ.ವಿ. ರಾಮನ್ ನಗರದ ಮೂಲ ನಿವಾಸಿಗಳು. ಈಗ ನಮ್ಮ ಬೀದಿ ಇರುವ ಕಡೆ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ನನ್ನ ಅಡುಗೆಮನೆ ಅವರ ಹಳೇ ಬಾವಿಯ ಮೇಲೆ ಕೂತಿದೆ ಎಂದು ವರ್ಷಕ್ಕೊಂದು ಸಲವಾದರೂ ಜ್ಞಾಪಿಸುತ್ತಾರೆ. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಜೊತೆಗೆ ಅಲ್ಲಿನ ನೋಟಿಸ್ ಬೋರ್ಡೂ ಅವರ ಸುಪರ್ದಿಯಲ್ಲಿತ್ತು. ಕೆಳಗೆ ಸಹಿ, ತಾರೀಖು, ವೇಳೆ ಇಲ್ಲದ ಒಂದಕ್ಷರವೂ ಆ ಬೋರ್ಡಿನ ಮೇಲೆ ಇರಕೂಡದು, ಅದು ಕಾರ್ಖಾನೆಯ ಕಟ್ಟುನಿಟ್ಟು. ರಿಟೈರಾದ ಮೇಲೆ ಜನ ವಾಕಿಂಗ್, ಭಜನೆ ಅಂತ ಏನಾದರೂ ಹಿಡಿಯುತ್ತಾರೆ. ಇವರು ಗೇಟಿಗೆ ಒಂದು ಕರಿಹಲಗೆ ತಗುಲಿಹಾಕಿದರು.

ದಿನಾ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಬರೆಯುವುದು. "ಕಸದ ಗಾಡಿ ಬಂದು ಇಂದಿಗೆ ಆರು ದಿನ. ದಾರಿ ತಪ್ಪಿದ್ದರೆ ಯಾರಾದರೂ ಕರೆತನ್ನಿ." ಇನ್ನೊಂದು ದಿನ, "ಚರಂಡಿ ಮುಚ್ಚಳ ತೆಗೆದವರು ಮುಚ್ಚುವುದನ್ನು ಮರೆತಿದ್ದಾರೆ. ಈವರೆಗೆ ಬಿದ್ದವರು ಇಬ್ಬರು. ಅದರಲ್ಲಿ ನಾನೂ ಒಬ್ಬ." ಕೆಳಗೆ ಠೀವಿಯಿಂದ ಸಹಿ, ತಾರೀಖು, ವೇಳೆ. ಹಾಲು ತರಲು ಹೋದವರು ನಿಂತು ಓದಿ, ನಕ್ಕು, ಅಕ್ಕಪಕ್ಕ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಆ ಅಕ್ಕಪಕ್ಕ ನೋಡುವವರಲ್ಲಿ ನಾನೇ ಮೊದಲಿಗ.

ವಾರ್ಡ್ ಆಫೀಸಿನವರೂ ಓದಿದರು, ಆದರೆ ನಗಲಿಲ್ಲ. ಅಷ್ಟರಲ್ಲಿ ಹೊಸ ನಿಯಮವೊಂದು ಬಂದಿತ್ತು. ರಸ್ತೆಗೆ ಮುಖಮಾಡಿ ಗೋಡೆ, ಗೇಟುಗಳ ಮೇಲೆ ಏನೇ ಬರೆಯಬೇಕಾದರೂ ಬರೆಯುವ ವಿಷಯವನ್ನು ಮೂರು ದಿನ ಮುಂಚೆ ಆಫೀಸಿಗೆ ತೋರಿಸಿ ಅನುಮತಿ ಪಡೆಯಬೇಕು. ಒಂದು ಮಧ್ಯಾಹ್ನ ಲಾರಿ ತಂದು ಹಲಗೆಯನ್ನು ಎತ್ತಿಕೊಂಡೇ ಹೋದರು. ಬಿಡಿಸಿಕೊಂಡು ಬರಲು ಪಿಳ್ಳಪ್ಪನವರು ಹೊರಟಾಗ, ಭಾಷೆ ಮೃದುವಾಗಿರಲಿ ಎಂದು ನಾನೂ ಜೊತೆಗೆ ಹೋದೆ.

"ಸಾರ್, ಮೂರು ದಿನ ಬಿಟ್ಟು ಕಸದ ಗಾಡಿ ಬರಲ್ಲ ಅಂತ ನಂಗೆ ಇವತ್ತೇ ಹೆಂಗ್ ಗೊತ್ತಾಗ್ಬೇಕು?" ಎಂದು ಪಿಳ್ಳಪ್ಪನವರು ಶುರುಮಾಡಿಬಿಟ್ಟರು.

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ನಮಗೆ ಕಾಫಿ ತರಿಸಿ, ದನಿ ತಗ್ಗಿಸಿ, "ನೋಡಿ ಯಜಮಾನ್ರೇ, ಅದನ್ನ ಬರ್ದಿದ್ದು ನೀವೇ ಅಂತ ಏನ್ ಗ್ಯಾರಂಟಿ? ಯಾರೋ ದಾರಿಹೋಕರು ಬರ್ದಿದ್ದು ಅಂತ ಒಂದು ಲೆಟರ್ ಕೊಡಿ, ಬೋರ್ಡ್ ತಗೊಂಡ್ಹೋಗಿ" ಅಂದರು.

"ಕೆಳಗೆ ನನ್ನ ಸೈನ್ ಇದ್ಯಲ್ಲ ಸಾರ್!"

"ಅದೇ ರೀ ನಿಮ್ಮ ತಪ್ಪು. ಇಂಥದ್ದಕ್ಕೆಲ್ಲ ಯಾರಾದ್ರೂ ಸೈನ್ ಹಾಕ್ತಾರಾ?"

ಪಿಳ್ಳಪ್ಪನವರ ಮುಖ ಕೆಂಪಾಯಿತು. ಹಲಗೆ ಕಿತ್ತುಕೊಂಡಿದ್ದಕ್ಕೆ ಬಾರದ ಸಿಟ್ಟು ಈ ಮಾತಿಗೆ ಬಂದಿತ್ತು. ಕಾಫಿ ಕುಡಿಯದೆ ಎದ್ದರು. ನಾನು ಕುಡಿದೇ ಎದ್ದೆ.

ವಕೀಲರನ್ನಿಟ್ಟುಕೊಳ್ಳದೆ ತಾವೇ ರಿಟ್ ಅರ್ಜಿ ಹಾಕಿದರು. ಹಲಗೆ ಇಲ್ಲದ ಆ ತಿಂಗಳುಗಳಲ್ಲಿ ದೇವರ ಕೋಣೆಯ ಬಾಗಿಲ ಹಿಂದೆ ಬರೆದು ಚಟ ತೀರಿಸಿಕೊಳ್ಳುತ್ತಿದ್ದರಂತೆ. ಆ ಹಲಗೆಯಿಂದ ಬೀದಿಯಲ್ಲಿ ಯಾರಿಗೂ ತೊಂದರೆಯಿಲ್ಲ ಎಂದು ನಾನೊಂದು ಅಫಿಡವಿಟ್ ಕೊಡಬೇಕು ಎಂದು ಕೇಳಿದಾಗ ನನಗೆ ಇದ್ದಕ್ಕಿದ್ದಂತೆ ಸೊಂಟನೋವು ಬಂತು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ "ಮೇಲಿನವರ ಗಮನಕ್ಕೆ" ಎಂದು ಬರೆದೇ ಬದುಕಿದವನು ನಾನು.

ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಟಿವಿ ಮುಂದೆ ಕೂತು ಇಡೀ ಸರ್ಕಾರಾನ ಬೈತೀರಲ್ಲ, ಒಂದು ಕಾಗದಕ್ಕೆ ಸೈನ್ ಹಾಕೋಕೆ ಕೈ ನಡುಗುತ್ತಾ?" ಅಂದಳು. ಹಾಕಿದೆ.

ಕೋರ್ಟಿನಲ್ಲಿ ಸರ್ಕಾರದ ವಕೀಲರು ನಗರದ ಅಂದ ಕಾಪಾಡಲು ಈ ನಿಯಮ ಬಂದಿದೆ ಎಂದರು. ಪಿಳ್ಳಪ್ಪನವರು ಎದ್ದು ಕೈಮುಗಿದು, "ಸ್ವಾಮಿ, ಗುಂಡಿ ಅಂತ ಬರೆದ್ರೆ ಅಂದ ಕೆಡುತ್ತಂತೆ. ಗುಂಡಿಯಿಂದ ಕೆಡಲ್ವಾ?" ಅಂದರು. ನ್ಯಾಯಮೂರ್ತಿಗಳು ತಲೆ ತಗ್ಗಿಸಿ ಏನೋ ಬರೆದುಕೊಂಡರು. ನಕ್ಕರೋ ಏನೋ, ನನಗೆ ಕಾಣಲಿಲ್ಲ. ಕೆಲವು ವಾರಗಳ ಮೇಲೆ ಆದೇಶ ಬಂತು. ಪ್ರಜೆ ತನ್ನ ಗೇಟಿನ ಮೇಲೆ ಆಡುವ ಮಾತನ್ನು ಮೊದಲೇ ತಂದು ತೋರಿಸು ಎನ್ನುವುದು ಸಂವಿಧಾನ ಕೊಟ್ಟ ಸ್ವಾತಂತ್ರ್ಯಕ್ಕೆ ವಿರುದ್ಧ, ಆ ನಿಯಮ ನಿಲ್ಲುವುದಿಲ್ಲ. ನಾನು ಬೀದಿಗೆಲ್ಲ ಮೈಸೂರುಪಾಕ್ ಹಂಚಿದೆ. ಗೆದ್ದವನು ನಾನೇ ಅನ್ನುವ ಹಾಗೆ ಎದೆಯುಬ್ಬಿಸಿಕೊಂಡು ಹಂಚಿದೆ.

ಮಾರನೇ ದಿನ ಬೆಳಿಗ್ಗೆ ಹಲಗೆ ಗೇಟಿಗೆ ಮರಳಿತ್ತು. ಓದಿದೆ. "ಎದುರು ಮನೆಯ ವಿಮಾ ಕಚೇರಿ ಯಜಮಾನರು ಕಾರನ್ನು ಫುಟ್‌ಪಾತ್ ಮೇಲೆ ನಿಲ್ಲಿಸುತ್ತಾರೆ. ಮುದುಕರು ರಸ್ತೆಗಿಳಿದು ನಡೆಯಬೇಕಾಗಿದೆ."

ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಸರ್ಕಾರಕ್ಕಾದರೆ ಒಂದು ನಿಯಮ, ಒಂದು ಲಾರಿ ಬೇಕಾಯಿತು. ನನಗೆ ಅಳಿಸಲು ಹೆಬ್ಬೆರಳು ಸಾಕಿತ್ತು. ಆ ಕ್ಷಣ ವಾರ್ಡ್ ಆಫೀಸಿನ ಆ ಅಧಿಕಾರಿಯ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂತು. ಕೈ ಎತ್ತಿಯೂ ಎತ್ತಿದ್ದೆ. ಗೇಟು ಕಿರ್ ಎಂದಿತು.

"ಅಲ್ರೀ ಪಿಳ್ಳಪ್ಪನವ್ರೇ, ನಿಮಗೋಸ್ಕರ ಕೋರ್ಟಿಗೆ ಬಂದವನು ನಾನು!"

"ಅದಕ್ಕೇ ಸಾರ್ ಮೊದ್ಲು ನಿಮ್ದೇ ಬರ್ದೆ. ಇಲ್ದಿದ್ರೆ ನಮ್ಮೋರು ಅಂತ ಬಿಟ್ಟ ಅಂತಾರೆ ಜನ." ಸೀಮೆಸುಣ್ಣ ಮುಂದಕ್ಕೆ ಚಾಚಿದರು. "ಕೆಳಗಡೆ ಜಾಗ ಬಿಟ್ಟಿದೀನಿ. ಸುಳ್ಳಾದ್ರೆ ಬರೀರಿ."

ಸುಳ್ಳಾಗಿರಲಿಲ್ಲ, ಅದೇ ಸಂಕಟ. ನಾಚಿಕೆಯಿಂದ ಕಾರು ತೆಗೆದೆ. ಕಾಂಪೌಂಡಿನೊಳಗೆ ಅದಕ್ಕೆ ಜಾಗ ಮಾಡಲು ಹೆಂಡತಿಯನ್ನು ಒಂದು ಮಾತೂ ಕೇಳದೆ ಅವಳ ದಾಸವಾಳದ ಗಿಡ ಕಡಿಸಿದೆ.

ಈ ಮಾತಿಗೆ ಮೂರು ವಾರವಾಯಿತು, ಅವಳು ಏನೂ ಅಂದಿರಲಿಲ್ಲ. ಇವತ್ತು ಇರುವೆಗಳಿಗೆ ಸೋತು ಹಜಾರಕ್ಕೆ ಬಂದರೆ, ಅವಳು ಎದುರು ಮನೆಯಿಂದ ಸೀಮೆಸುಣ್ಣ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು.

"ಏನೇ ಬರ್ದೆ?" ಎಂದೆ.

"ಎಲ್ಲರ ಜೊತೆ ನಿಂತು ಓದ್ಕೊಳ್ಳಿ" ಅಂದಳು.

ಕಿಟಕಿಯಿಂದ ನೋಡಿದೆ. ಆಗಲೇ ನಾಲ್ಕು ಜನ ಸೇರಿದ್ದಾರೆ. ಒಬ್ಬರು ನಮ್ಮ ಮನೆ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದರು. ಹೋಗಬೇಕು, ಬೇರೆ ದಾರಿಯಿಲ್ಲ. ಚಪ್ಪಲಿ ಹುಡುಕುತ್ತಿದ್ದೇನೆ.