ಏನೂ ನೋಡದವರು

ನಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಕಳೆ ಕೀಳುತ್ತಿದ್ದ ಆಕೆ ದಿನವೂ ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಸೆರಗನ್ನು ತಲೆಗೆ ಸುತ್ತಿ, ಅದರ ಮೇಲೊಂದು ಕ್ಲಬ್ಬಿನ ಟೋಪಿ ಇಟ್ಟು, ಕುಕ್ಕರುಗಾಲಲ್ಲಿ ಕೂತರೆ ಪೊದೆಗೂ ಆಕೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನು ಬೀಸಿದ ಕೋಲು ಚೆಂಡನ್ನು ಬಿಟ್ಟು ಗಾಳಿಗೆ ಹೊಡೆದಾಗಲೆಲ್ಲ ಎಲ್ಲಿಂದಲೋ ಆಕೆಯ ದನಿ ಬರುತ್ತಿತ್ತು: “ನಾನೇನೂ ನೋಡ್ಲಿಲ್ಲ ಬುಡಿ, ಅಮ್ಮಾವ್ರೆ.”

ಮಹಿಳೆಯರ ಟೂರ್ನಿಯ ಕೊನೆಯ ದಿನ ಗೆಲುವು ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಚೆಂಡು ಹೋಗಿ ನೆಲದಿಂದ ಮೇಲೆದ್ದ ಮರದ ಬೇರಿನ ಹಿಂದೆ ಕೂತಿತು. ಸುತ್ತ ಯಾರೂ ಇರಲಿಲ್ಲ. ಬೂಟಿನ ತುದಿಯಿಂದ ಮೆಲ್ಲಗೆ ಈಚೆಗೆ ತಳ್ಳಿದೆ.

“ನಾನೇನೂ ನೋಡ್ಲಿಲ್ಲ ಬುಡಿ, ಅಮ್ಮಾವ್ರೆ.”

ನಾಚಿಕೆಯಾಯಿತು. ಚೆಂಡನ್ನು ಮತ್ತೆ ಬೇರಿನ ಹಿಂದಿಟ್ಟು, ತಪ್ಪಿಗೆಂದು ಒಂದು ಹೊಡೆತ ಹೆಚ್ಚಿಗೆ ಬರೆಸಿದೆ. ಕಡಿಮೆ ಹೊಡೆತದವರೇ ಗೆಲ್ಲುವ ಆಟ; ಆ ಒಂದೇ ಹೊಡೆತಕ್ಕೆ ಕಪ್ ಕೈತಪ್ಪಿತು.

ಮರುದಿನ ಹೋಗಿ ನೋಡಿದರೆ ಆ ಬೇರು ಇರಲಿಲ್ಲ, ಹಸಿ ಮಣ್ಣು ಮಾತ್ರ ಇತ್ತು. ಮ್ಯಾನೇಜರ್ ಕೆಂಡವಾಗಿದ್ದರು.

“ಯಾರ್ರೀ ಇದನ್ನ ಕಡಿದಿದ್ದು? ಕೆಲಸದಿಂದ ತೆಗೀತೀನಿ!”

ಆಕೆ ತಲೆ ಎತ್ತದೆ ಕಳೆ ಕೀಳುತ್ತಿದ್ದರು. ಪಕ್ಕದ ಮಂಕರಿಯಲ್ಲಿ, ಹುಲ್ಲಿನಡಿಯಿಂದ, ಬೇರಿನ ತುದಿ ಇಣುಕುತ್ತಿತ್ತು. ಮ್ಯಾನೇಜರ್ ನನ್ನತ್ತ ತಿರುಗಿದರು.

“ನಾನೇನೂ ನೋಡ್ಲಿಲ್ಲ ಬುಡಿ,” ಎಂದೆ.