ವಾಲ್ಟರ್ ಹುಡುಕಿದ ಆಟಗಾರ

"ರಾವ್, ಇದನ್ನ ಇನ್ಮೇಲೆ ನೀವೇ ಮುಂದುವರಿಸ್ಬೇಕು," ಎನ್ನುತ್ತ ವಾಲ್ಟರ್‌ನ ಹೆಂಡತಿ ದಪ್ಪ ಫೈಲೊಂದನ್ನು ನನ್ನ ಕೈಗಿಟ್ಟರು. ಡಲ್ಲಾಸಿನ ನಮ್ಮ ಬೇಸ್‌ಬಾಲ್ ಇತಿಹಾಸ ಕ್ಲಬ್ಬಿನಲ್ಲಿ, ಅವನು ತೀರಿಹೋದ ಮೇಲಿನ ಮೊದಲ ಸಭೆ ಅದು. "ಆಸ್ಪತ್ರೇಲೂ ನಿಮ್ಮ ಆಟಗಾರನ್ನೇ ಹುಡುಕ್ತಿದ್ರು."

ಆ ಆಟಗಾರ ಹುಟ್ಟಿದ್ದೇ ನನ್ನ ತಲೆಯಲ್ಲಿ. ರೈಲು ಬಿಡುವುದರಲ್ಲಿ ನನ್ನನ್ನು ಮೀರಿಸುವವರು ಟೆಕ್ಸಾಸಿನಲ್ಲೇ ಇಲ್ಲ. ಹೂಸ್ಟನ್ನಿನ ಹಳೇ ತಂಡವೊಂದರಲ್ಲಿ ಮೈಸೂರಿನ ಎಡಗೈ ಎಸೆತಗಾರನಿದ್ದನೆಂದು ಸಭೆಯಲ್ಲಿ ಹೇಳಿದ್ದೆ. ಉಳಿದವರೆಲ್ಲ ನಕ್ಕರು; ವಾಲ್ಟರ್ ಮಾತ್ರ ನಂಬಿ, ಪ್ರತಿ ತಿಂಗಳೂ ಅವನ ಬಗ್ಗೆ ಕೇಳುತ್ತಿದ್ದ. ಮುಂದಿನ ಸಲ ನಿಜ ಹೇಳಿದರಾಯಿತೆಂದು ನಾನು ಇನ್ನಷ್ಟು ಸೇರಿಸುತ್ತಿದ್ದೆ.

ಫೈಲಿನ ತುಂಬ ಹಳೇ ಪತ್ರಿಕೆಗಳ ಜೆರಾಕ್ಸ್. ಕೊನೆಯ ಹಾಳೆಯಲ್ಲಿ ವಾಲ್ಟರ್‌ನ ನಡುಗುವ ಅಕ್ಷರ: "ಇನ್ನೂ ಸಿಕ್ಕಿಲ್ಲ. ರಾವ್‌ಗೆ ಬೇಜಾರಾಗುತ್ತೆ."

"ಹೂಂ, ಹುಡುಕ್ತೀನಿ," ಎಂದೆ ಆಕೆಗೆ. ಈಗಲೂ ಸಭೆಯಲ್ಲಿ ನಾನು ಎದ್ದು ನಿಂತರೆ ಎಲ್ಲರೂ ನಗಲು ಸಿದ್ಧರಾಗುತ್ತಾರೆ. ಹೊಸ ಕಥೆ ಕಟ್ಟುವ ಬದಲು ವಾಲ್ಟರ್‌ನ ಫೈಲು ತೆರೆದು ಕೂತುಬಿಡುತ್ತೇನೆ.